ಹಳೆಯ ಲ್ಯಾಪ್‌ಟಾಪ್, ನುಡಿ ಕಡತಗಳು ಮತ್ತು ಲಿನಕ್ಸ್: ಶಿರಸಿ ಸೀಮೆಯ ಒಂದು ಪ್ರಕರಣ

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿಯೊಂದರ ನಿವೃತ್ತ ಪ್ರೌಢಶಾಲಾ ಕನ್ನಡ ಶಿಕ್ಷಕರೊಬ್ಬರು 2025ರ ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮ ಲ್ಯಾಪ್‌ಟಾಪಿನ ವಿಷಯವಾಗಿ ಸಲಹೆ ಕೇಳಿದರು. ಊರಿನಲ್ಲಿ ಅವರನ್ನು ಎಲ್ಲರೂ ಮಾಸ್ತರು ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಕೊನೆಗೊಳ್ಳುತ್ತದೆ ಎಂಬ ಸೂಚನೆ ಅವರ ಪರದೆಯ ಮೇಲೆ ಪದೇ ಪದೇ ಬರುತ್ತಿತ್ತು. ಬೆಂಗಳೂರಿನಲ್ಲಿರುವ ಮಗ ಹೊಸ ಯಂತ್ರ ಕೊಳ್ಳಿ ಎಂದಿದ್ದ, ಪೇಟೆಯ ರಿಪೇರಿ ಅಂಗಡಿಯವರು ಹೇಗಾದರೂ ಮಾಡಿ ವಿಂಡೋಸ್ 11 ಹಾಕಿಕೊಡುತ್ತೇವೆ ಎಂದಿದ್ದರು, ತಾಳಮದ್ದಲೆಯ ಬಳಗದಲ್ಲಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೆ ಖರ್ಚೇ ಇಲ್ಲ ಎಂದು ಭರವಸೆ ಕೊಟ್ಟಿದ್ದ. "ನಾಲ್ಕು ಜನ ನಾಲ್ಕು ಮಾತು ಹೇಳ್ತಾರೆ ಮಾರಾಯ, ನಾನು ಇಷ್ಟು ವರ್ಷ ಟೈಪ್ ಮಾಡಿದ್ದು ಹಾಳಾಗದ ದಾರಿ ಯಾವುದು, ಅದನ್ನ ಹೇಳು" ಎಂಬುದು ಮಾಸ್ತರರ ಬೇಡಿಕೆಯಾಗಿತ್ತು.

ಲಿನಕ್ಸ್‌ಗೆ ಬರಲು ಯೋಚಿಸುವ ಹೊಸಬರಿಗೆ ಸಿಗುವ ಸಲಹೆ ಹೆಚ್ಚಾಗಿ ಯಾವ ಡಿಸ್ಟ್ರೋ (ಲಿನಕ್ಸ್‌ನ ಸಿದ್ಧ ರೂಪ) ಒಳ್ಳೆಯದು ಎಂಬ ಚರ್ಚೆಯಿಂದಲೇ ಆರಂಭವಾಗುತ್ತದೆ. ಈ ಪ್ರಕರಣದಲ್ಲಿ ಆ ಪ್ರಶ್ನೆ ಬಹುಬೇಗ ಇತ್ಯರ್ಥವಾಯಿತು. ಶ್ರಮವೆಲ್ಲ ಹೋದದ್ದು ಹಳೆಯ ಕನ್ನಡ ಕಡತಗಳಿಗೆ, ಒಂದು ಪ್ರಿಂಟರಿಗೆ ಮತ್ತು ಮನೆಯ ಬೇರೊಬ್ಬ ಸದಸ್ಯರ ಡಿಜಿಟಲ್ ಸಹಿಯ ಟೋಕನ್ನಿಗೆ. ಕನ್ನಡದಲ್ಲಿ ಬರವಣಿಗೆ ಮಾಡುವ ಅನೇಕ ಮನೆಗಳ ಸ್ಥಿತಿ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ಇದನ್ನು ವಿವರವಾಗಿ ದಾಖಲಿಸಿದ್ದೇನೆ.

ಯಂತ್ರ ಮತ್ತು ಎದುರಿಗಿದ್ದ ದಾರಿಗಳು

ಲ್ಯಾಪ್‌ಟಾಪ್ 2017ರಲ್ಲಿ ಕೊಂಡದ್ದು. ಇಂಟೆಲ್‌ನ ಆರನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ, ಸೆಕ್ಯೂರ್ ಬೂಟ್ ಸೌಲಭ್ಯವೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಅಥವಾ ನಂತರದ ತಲೆಮಾರಿನ ಪ್ರೊಸೆಸರ್ರೂ ಬೇಕು. ಆದ್ದರಿಂದ ಮೈಕ್ರೋಸಾಫ್ಟ್‌ನ ಅಧಿಕೃತ ದಾರಿಯಲ್ಲಿ ಈ ಯಂತ್ರಕ್ಕೆ ವಿಂಡೋಸ್ 11 ಇರಲಿಲ್ಲ. ಪರೀಕ್ಷೆಯನ್ನು ತಪ್ಪಿಸಿ ಅದನ್ನು ಹಾಕುವ ಉಪಾಯಗಳು ಇವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ನವೀಕರಣಗಳು ಬಂದೇ ಬರುತ್ತವೆ ಎಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ಮತ್ತು 4 ಜಿಬಿ ರ‍್ಯಾಮಿನ ಮೇಲೆ ಅದು ಓಡುವುದಕ್ಕಿಂತ ತೆವಳುವುದೇ ಹೆಚ್ಚು. ಅಂಗಡಿಯವರ ಸಲಹೆಯನ್ನು ಈ ಕಾರಣಕ್ಕೆ ಬದಿಗಿಟ್ಟೆವು.

ವಿಂಡೋಸ್ 10ರಲ್ಲೇ ಉಳಿಯುವವರಿಗೆ ಮೈಕ್ರೋಸಾಫ್ಟ್ ಖಾತೆಯ ಮೂಲಕ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ನವೀಕರಣ ಪಡೆಯುವ ಅವಕಾಶವಿತ್ತು. ಹೊಸಬರು ಇದನ್ನು ಸೋಲು ಎಂದು ತಿಳಿಯಬೇಕಾಗಿಲ್ಲ. ಗಡುವು ಬಂತೆಂದು ಗಾಬರಿಯಲ್ಲಿ ಹಾರುವುದಕ್ಕಿಂತ ಒಂದು ವರ್ಷದ ಅವಧಿ ಕೊಂಡುಕೊಂಡು ನಿಧಾನವಾಗಿ ಸಿದ್ಧತೆ ಮಾಡಿಕೊಳ್ಳುವುದು ಎಷ್ಟೋ ಮೇಲು, ಮತ್ತು ನಾವು ಮಾಡಿದ್ದೂ ಅದನ್ನೇ: ಮೊದಲು ವಿಸ್ತರಣೆಗೆ ನೋಂದಾಯಿಸಿ, ಆಮೇಲೆ ಲಿನಕ್ಸ್‌ನ ಮಾತು ತೆಗೆದೆವು.

ಯಂತ್ರದ ನಿಧಾನಕ್ಕೆ ಮುಖ್ಯ ಕಾರಣ ಹಾರ್ಡ್ ಡಿಸ್ಕ್ ಎಂಬುದನ್ನೂ ಇಲ್ಲಿ ಹೇಳಬೇಕು. ತಿರುಗುವ ಡಿಸ್ಕಿನ ಮೇಲೆ ಯಾವ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೂ ಅದು ಎದ್ದು ಕೂರಲು ಹೊತ್ತು ಹಿಡಿಯುತ್ತದೆ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ವೇಗ ಹೆಚ್ಚಿತು ಎನ್ನುವವರಲ್ಲಿ ಅನೇಕರು ಅದೇ ವೇಳೆಗೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿಯನ್ನೂ ಹಾಕಿರುತ್ತಾರೆ, ಆದರೆ ಹೊಗಳಿಕೆಯೆಲ್ಲ ಲಿನಕ್ಸ್‌ಗೆ ಸಲ್ಲುತ್ತದೆ. ಮಾಸ್ತರರಿಗೆ 240 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಮತ್ತು ರ‍್ಯಾಮನ್ನು 8 ಜಿಬಿಗೆ ಏರಿಸಲು ಇನ್ನೊಂದು 4 ಜಿಬಿಯ ತುಂಡು ತರಿಸಲು ಹೇಳಿದೆ. ಎರಡೂ ಸೇರಿ ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲು.

ಮನೆಯ ಕೆಲಸಗಳ ಪಟ್ಟಿ

ಎಸ್‌ಎಸ್‌ಡಿ ಬರುವ ಮೊದಲು ಮಾಸ್ತರರಿಂದ ಒಂದು ಪಟ್ಟಿ ಬರೆಸಿದೆ. ಈ ಯಂತ್ರದಲ್ಲಿ ಯಾರು ಯಾರು ಏನು ಮಾಡುತ್ತಾರೆ, ಯಾವ ತಂತ್ರಾಂಶದಲ್ಲಿ ಮಾಡುತ್ತಾರೆ, ಅದಕ್ಕೆ ಯಾವ ಉಪಕರಣ ಚುಚ್ಚುತ್ತಾರೆ ಎಂಬಷ್ಟೇ ಅದರ ವಿಷಯ. ಇಂಥ ಪಟ್ಟಿಯನ್ನು ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಕೆಲವು ವಾರ ಯಂತ್ರದ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟು, ಕೂತವರೆಲ್ಲ ಬರೆಯುವಂತೆ ಮಾಡಿದ್ದರಿಂದ ನಿಜವಾದ ಚಿತ್ರ ಸಿಕ್ಕಿತು.

ಮಾಸ್ತರರ ಪತ್ನಿ ಅಡಿಕೆ ತೋಟದ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಇಡುತ್ತಿದ್ದರು. ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು ಎಂದು ಬೇರೆ ಬೇರೆ ಕಾಲಂ, ಕೊನೆಕೊಯ್ಲಿನ ಕೂಲಿ, ಮದ್ದು ಹೊಡೆಸಿದ ಖರ್ಚು, ಸೊಸೈಟಿಗೆ ಕಳಿಸಿದ ತೂಕ. ಕೂಡುವ ಕಳೆಯುವ ಸೂತ್ರಗಳ ಹೊರತು ಅದರಲ್ಲಿ ಮ್ಯಾಕ್ರೋ (ಹಾಳೆಯೊಳಗೆ ಬರೆದ ಸಣ್ಣ ಪ್ರೋಗ್ರಾಂ) ಏನೂ ಇರಲಿಲ್ಲ. ಇಂಥ ಹಾಳೆ ಎಂಎಸ್ ಆಫೀಸಿಗೆ ಪರ್ಯಾಯವಾದ ಉಚಿತ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೊಂದರೆಯಿಲ್ಲದೆ ತೆರೆಯುತ್ತದೆ, ಇಲ್ಲಿಯೂ ತೆರೆಯಿತು. ಮ್ಯಾಕ್ರೋ ಬರೆದ ಹಾಳೆಗಳಾಗಿದ್ದರೆ ಒಂದೊಂದನ್ನೂ ಪರೀಕ್ಷಿಸಬೇಕಾಗುತ್ತಿತ್ತು. ಬ್ಯಾಂಕಿನ ಜಾಲತಾಣ, ಪಹಣಿ ನೋಡುವುದು, ಆದಾಯ ತೆರಿಗೆ ವಿವರ ಸಲ್ಲಿಸಿ ಆಧಾರ್ ಒಟಿಪಿಯಿಂದ ದೃಢೀಕರಿಸುವುದು, ಮೊಮ್ಮಗಳ ಜೊತೆ ವಿಡಿಯೋದಲ್ಲಿ ಮಾತನಾಡುವುದು, ಇವೆಲ್ಲ ಬ್ರೌಸರಿನೊಳಗಿನ ಕೆಲಸಗಳಾದ್ದರಿಂದ ಫೈರ್‌ಫಾಕ್ಸ್ ಅಥವಾ ಕ್ರೋಮ್ ಇದ್ದಲ್ಲಿ ನಡೆಯುತ್ತವೆ.

ಪಟ್ಟಿಯಲ್ಲಿ ಅನಿರೀಕ್ಷಿತವಾಗಿ ಬಂದದ್ದು ಮಾಸ್ತರರ ಅಣ್ಣನ ಮಗನ ಹೆಸರು. ಸಣ್ಣಪುಟ್ಟ ಕಾಮಗಾರಿಗಳ ಗುತ್ತಿಗೆ ಮಾಡುವ ಆತ ತನ್ನ ಯಂತ್ರ ಕೈಕೊಟ್ಟಾಗ ಚಿಕ್ಕಪ್ಪನ ಮನೆಗೆ ಬಂದು, ಈ ಲ್ಯಾಪ್‌ಟಾಪಿನಿಂದಲೇ ಇ-ಟೆಂಡರ್ ಸಲ್ಲಿಸುತ್ತಿದ್ದ. ಅದಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬೇಕು. ಸಹಿಯ ಗುಪ್ತ ಕೀಲಿ ಆ ಟೋಕನ್ನಿನೊಳಗೇ ಇರುತ್ತದೆ, ಹೊರಗೆ ಬರುವುದಿಲ್ಲ. ಜಾಲತಾಣವು ಗಣಕದಲ್ಲಿ ಓಡುತ್ತಿರುವ ಒಂದು ಸಹಿ ತಂತ್ರಾಂಶದ ಮೂಲಕ ಟೋಕನ್ನಿನೊಡನೆ ಮಾತನಾಡುತ್ತದೆ. ಕೆಲವು ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಗುತ್ತದೆಯಾದರೂ ಡ್ರೈವರ್ ಒಂದೇ ಸಾಲದು, ಜಾಲತಾಣ ಕೇಳುವ ಸಹಿ ತಂತ್ರಾಂಶವೂ ಲಿನಕ್ಸ್‌ನಲ್ಲಿ ಓಡಬೇಕು, ಮತ್ತು ಅಂಥವು ಹೆಚ್ಚಾಗಿ ವಿಂಡೋಸ್‌ಗೆಂದೇ ತಯಾರಾದವು. ಟೆಂಡರಿನ ಕೊನೆಯ ದಿನ ಸಂಜೆ ಇದನ್ನು ಸರಿಮಾಡಲು ಕೂರುವುದು ಯಾರಿಗೂ ಬೇಡ. ಅಣ್ಣನ ಮಗನಿಗೆ ಸ್ಪಷ್ಟವಾಗಿ ಹೇಳಿದೆ: ನಿನ್ನ ಕೆಲಸ ವಿಂಡೋಸ್‌ನಲ್ಲೇ ಇರಲಿ, ನಿನ್ನ ಯಂತ್ರವನ್ನು ರಿಪೇರಿ ಮಾಡಿಸಿಕೋ. ಅವನ ವ್ಯವಹಾರದಲ್ಲಿ ಲೆಕ್ಕಪತ್ರದ ಟ್ಯಾಲಿಯೂ ಇತ್ತು, ಅದೂ ವಿಂಡೋಸ್‌ಗಾಗಿಯೇ ರೂಪಿಸಿದ ತಂತ್ರಾಂಶ. ವೈನ್ ಎಂಬ ಪದರದ ಮೇಲೆ ವಿಂಡೋಸ್ ತಂತ್ರಾಂಶಗಳನ್ನು ಓಡಿಸಬಹುದು ಎಂದು ವಿದ್ಯಾರ್ಥಿ ವಾದಿಸಿದ. ಓಡಿಸಬಹುದು, ಕೆಲವು ಚೆನ್ನಾಗಿಯೇ ಓಡುತ್ತವೆ. ಆದರೆ ಹೊಟ್ಟೆಪಾಡಿನ ಕೆಲಸವೊಂದು ವೈನ್ ಮೇಲೆ ನಿಂತಿದ್ದರೆ ಅಂಥವರು ಲಿನಕ್ಸ್‌ಗೆ ಬರಬಾರದು ಎಂಬುದು ನನ್ನ ಅಭಿಪ್ರಾಯ.

ಕನ್ನಡ ಕಡತಗಳು

ಈ ಪ್ರಕರಣದ ನಿಜವಾದ ಭಾರ ಇಲ್ಲಿತ್ತು. ಮಾಸ್ತರರು ನಿವೃತ್ತಿಗೂ ಮೊದಲಿನಿಂದ ಯಕ್ಷಗಾನ ಪ್ರಸಂಗಗಳ ಹಳೆಯ ಕೈಬರಹದ ಪದ್ಯಗಳನ್ನು ಟೈಪ್ ಮಾಡುತ್ತ ಬಂದಿದ್ದಾರೆ. ಅದರ ಜೊತೆಗೆ ತಾಳಮದ್ದಲೆಗೆ ಮಾಡಿಕೊಂಡ ಟಿಪ್ಪಣಿಗಳು, ಪತ್ರಿಕೆಗಳಿಗೆ ಕಳಿಸಿದ ಲೇಖನಗಳು, ಊರಿನ ದೇವಸ್ಥಾನದ ಆಮಂತ್ರಣಗಳು. ಇವುಗಳಲ್ಲಿ ಮೂರು ಬಗೆ ಇದ್ದವು. ಇತ್ತೀಚಿನವು ಎಲ್ಲ ಯಂತ್ರಗಳೂ ಓದಬಲ್ಲ ಸಾರ್ವತ್ರಿಕ ಸಂಕೇತಪದ್ಧತಿಯಾದ ಯುನಿಕೋಡ್ ಕನ್ನಡದಲ್ಲಿದ್ದವು, ಅವುಗಳ ಚಿಂತೆ ಇರಲಿಲ್ಲ. ಬಹುಪಾಲು ಕಡತಗಳು ವರ್ಡ್‌ನಲ್ಲಿ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇದ್ದವು. ಇನ್ನು ಕೆಲವು, 1998ರಲ್ಲಿ ಮೊದಲು ಬಂದ ಬರಹ ತಂತ್ರಾಂಶದ ಸ್ವಂತ ಮಾದರಿಯಲ್ಲಿ ಉಳಿದಿದ್ದವು.

ನುಡಿಯ ಹಳೆಯ ಫಾಂಟುಗಳ ವಿಷಯ ಹೊಸಬರಿಗೆ ಅರ್ಥವಾಗಬೇಕಾದದ್ದು ಇಷ್ಟು. ಆ ಕಡತದೊಳಗೆ ಕನ್ನಡ ಅಕ್ಷರಗಳ ಸಂಕೇತಗಳು ಇರುವುದಿಲ್ಲ. ರೋಮನ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳ ಜಾಗದಲ್ಲಿ ಫಾಂಟು ಕನ್ನಡದ ಚಿತ್ರಗಳನ್ನು ಕೂರಿಸಿರುತ್ತದೆ. ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ತಲೆಬುಡವಿಲ್ಲದ ಚಿಹ್ನೆಗಳ ಸಾಲು. ಲಿನಕ್ಸ್ ಹಾಕಿದ ಮೊದಲ ದಿನ ಇಂಥ ಕಡತ ತೆರೆದವರು ನನ್ನ ಬರಹವೆಲ್ಲ ಹೋಯಿತು ಎಂದು ಹೆದರುತ್ತಾರೆ. ಏನೂ ಹೋಗಿರುವುದಿಲ್ಲ. ಅದೇ ಫಾಂಟಿನ ಕಡತವನ್ನು ಹಳೆಯ ಯಂತ್ರದಿಂದ ತಂದು ಲಿನಕ್ಸ್‌ನಲ್ಲಿ ಹಾಕಿಕೊಂಡರೆ ಲಿಬ್ರೆಆಫೀಸ್ ರೈಟರ್ ಅದನ್ನು ಮೊದಲಿನಂತೆಯೇ ತೋರಿಸುತ್ತದೆ, ಮುದ್ರಿಸುತ್ತದೆ.

ಓದಲು ಅಷ್ಟು ಸಾಕು, ಬದುಕಲು ಸಾಲದು. ಅಂಥ ಕಡತದಲ್ಲಿ ಅರ್ಜುನ ಎಂದು ಹುಡುಕಿದರೆ ಗಣಕಕ್ಕೆ ಏನೂ ಸಿಗುವುದಿಲ್ಲ, ಫೋನಿಗೆ ಕಳಿಸಿದರೆ ಯಾರೂ ಓದಲಾರರು. ಆದ್ದರಿಂದ ಪರಿವರ್ತನೆ ಮಾಡುವುದೆಂದು ನಿಶ್ಚಯವಾಯಿತು, ಮತ್ತು ಅದನ್ನು ವಿಂಡೋಸ್ ಇರುವಾಗಲೇ ಆರಂಭಿಸಬೇಕೆಂದು ಒತ್ತಾಯಿಸಿದೆ. ಬರಹದ ಸ್ವಂತ ಮಾದರಿಯ ಕಡತಗಳನ್ನಂತೂ ಆ ತಂತ್ರಾಂಶದಲ್ಲೇ ತೆರೆದು ಯುನಿಕೋಡ್ ಪಠ್ಯವಾಗಿ ಹೊರತೆಗೆದುಕೊಳ್ಳುವುದು ಸುರಕ್ಷಿತ. ಲಿನಕ್ಸ್‌ಗೆ ಹೋದ ಮೇಲೆ ಆ ಬಾಗಿಲು ಕಿರಿದಾಗುತ್ತದೆ.

ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ, ಆದರೆ ಕುರುಡಾಗಿ ನಂಬುವಂತಿಲ್ಲ. ಮೊದಲ ತೊಡಕು ಅರ್ಕಾವತ್ತಿನದು. ಹಳೆಯ ಫಾಂಟುಗಳಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ದಾಖಲಾಗಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ರಕಾರ ಮತ್ತು ವಿರಾಮ ಮೊದಲು ಬರಬೇಕು. ಧರ್ಮ, ಕರ್ಣ, ಸೂರ್ಯ ಇಂಥ ಶಬ್ದಗಳನ್ನು ಒಳ್ಳೆಯ ಪರಿವರ್ತಕಗಳು ಸರಿಯಾಗಿ ತಿರುಗಿಸಿದರೂ ಒತ್ತಕ್ಷರ ಮತ್ತು ದೀರ್ಘ ಸೇರಿದಲ್ಲಿ ಎಡವಿದ್ದನ್ನು ಕಂಡೆವು. ಎರಡನೆಯದು ಹೆಚ್ಚು ಅಪಾಯದ್ದು: ಒಂದೇ ಕಡತದಲ್ಲಿ ಇಂಗ್ಲಿಷ್ ಪದಗಳು ಬೆರೆತಿದ್ದರೆ, ಪಠ್ಯವನ್ನು ಬರಿದಾಗಿ ನಕಲಿಸಿ ಪರಿವರ್ತಕಕ್ಕೆ ಅಂಟಿಸಿದಾಗ ಫಾಂಟಿನ ಮಾಹಿತಿ ಕಳಚಿಹೋಗಿ, ಇಂಗ್ಲಿಷ್ ಪದವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಇದಕ್ಕೆ ದಾರಿ ಎಂದರೆ ಕಡತದೊಳಗಿನ ಫಾಂಟಿನ ಹೆಸರು ನೋಡಿ ಕನ್ನಡ ಭಾಗವನ್ನಷ್ಟೇ ತಿರುಗಿಸುವ ಸಾಧನ ಬಳಸುವುದು, ಇಲ್ಲವೇ ಇಂಗ್ಲಿಷ್ ಇರುವ ಸಾಲುಗಳನ್ನು ಕೈಯಿಂದ ತಿದ್ದುವುದು. ಮಾಸ್ತರರ ಲೇಖನಗಳಲ್ಲಿ ಇಂಗ್ಲಿಷ್ ವಿರಳವಾಗಿದ್ದರಿಂದ ಎರಡನೆಯದೇ ಸಾಕಾಯಿತು. ಪ್ರಸಂಗದ ಪದ್ಯಗಳಲ್ಲಿ ಹಾಡಿನ ಎಳೆತಕ್ಕೆ ಹಾಕುವ ಅವಗ್ರಹ ಚಿಹ್ನೆ ಕೆಲವೆಡೆ ಬಿದ್ದುಹೋಗಿತ್ತು. ಯುನಿಕೋಡ್‌ನಲ್ಲಿ ಅದಕ್ಕೆ ಸ್ವಂತ ಸ್ಥಾನವಿದೆ, ಆದರೆ ಮಾಸ್ತರರು ಹಿಂದೆ ಟೈಪ್ ಮಾಡುವಾಗ ಒಂದೊಂದು ಕಡೆ ಒಂದೊಂದು ಚಿಹ್ನೆಯಿಂದ ಕೆಲಸ ನಡೆಸಿದ್ದರು. ಇದನ್ನು ಯಾವ ಯಂತ್ರವೂ ಊಹಿಸಲಾರದು, ಭಾಗವತರೊಬ್ಬರು ಪಕ್ಕದಲ್ಲಿ ಕೂತು ಹಾಡಿ ಸರಿಪಡಿಸಬೇಕು.

ನಾವು ಇಟ್ಟುಕೊಂಡ ನಿಯಮ ಸರಳವಾಗಿತ್ತು. ಮೂಲ ಕಡತವನ್ನು ಮುಟ್ಟುವುದಿಲ್ಲ, ಪರಿವರ್ತಿತ ಪ್ರತಿಗೆ ಬೇರೆ ಫೋಲ್ಡರ್, ಮತ್ತು ಪ್ರತಿ ಮೂಲ ಕಡತದ ಒಂದು ಪಿಡಿಎಫ್ ಪ್ರತಿಯನ್ನು ವಿಂಡೋಸ್‌ನಲ್ಲೇ ತೆಗೆದಿಡುವುದು. ಪಿಡಿಎಫ್‌ನೊಳಗೆ ಫಾಂಟು ಅಡಕವಾಗಿರುವುದರಿಂದ ಮುಂದೆ ಯಾವ ಯಂತ್ರದಲ್ಲಾದರೂ ಮೂಲ ಪಾಠ ಹೇಗಿತ್ತೆಂದು ಹೋಲಿಸಿ ನೋಡಬಹುದು.

ಟೈಪಿಂಗ್

ಮಾಸ್ತರರ ಬೆರಳುಗಳಿಗೆ ನುಡಿಯ ಕೀಲಿಮಣೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಧ್ವನ್ಯಾತ್ಮಕ ಕ್ರಮ, ರೂಢಿಯಾಗಿತ್ತು. ಆ ವಯಸ್ಸಿನಲ್ಲಿ ಬೇರೆಯೇ ಕೀಲಿ ಕ್ರಮವಾದ ಇನ್‌ಸ್ಕ್ರಿಪ್ಟ್ ಕಲಿಯಿರಿ ಎನ್ನುವುದು ನ್ಯಾಯವಲ್ಲ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಎರಡು ಬಗೆಯ ವ್ಯವಸ್ಥೆಗಳಿವೆ. ಒಂದು, ಸೆಟ್ಟಿಂಗ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಭಾರತದ ಕೆಳಗೆ ಸಿಗುವ ಕಗಪ ವಿನ್ಯಾಸ. ಇನ್ನೊಂದು, ಐಬಸ್ ಎಂಬ ವ್ಯವಸ್ಥೆಯೊಳಗೆ ಎಂ17ಎನ್ ಸೇರ್ಪಡೆಯ ಮೂಲಕ ಸಿಗುವ ಕೆಜಿಪಿ ವಿನ್ಯಾಸ. ಮೊದಲನೆಯದು ಒಂದು ಕೀಲಿಗೆ ಒಂದು ಅಕ್ಷರ ಎಂಬ ಕಟ್ಟಿಗೆ ಒಳಪಟ್ಟಿದ್ದು, ಹಿಂದೆ ವ್ಯಂಜನವಿದೆಯೇ ಎಂದು ನೋಡಿ ಸ್ವರಾಕ್ಷರವನ್ನೋ ಸ್ವರಚಿಹ್ನೆಯನ್ನೋ ಆರಿಸುವ ಶಕ್ತಿ ಅದಕ್ಕಿಲ್ಲ. ನುಡಿಗೆ ಹೊಂದಿಕೊಂಡವರಿಗೆ ಎರಡನೆಯದೇ ಸಹಜವೆನಿಸುತ್ತದೆ. ಹೆಸರು ಒಂದೇ ರೀತಿ ಇರುವುದರಿಂದ ಹೊಸಬರು ಮೊದಲನೆಯದನ್ನು ಹಾಕಿಕೊಂಡು, ಲಿನಕ್ಸ್‌ನಲ್ಲಿ ಕನ್ನಡ ಸರಿಯಿಲ್ಲ ಎಂದು ದೂರುವುದು ಸಾಮಾನ್ಯ.

ಇನ್ನೊಂದು ಗೊಂದಲ ಲಿಬ್ರೆಆಫೀಸ್‌ನದು. ಅಲ್ಲಿ ರೋಮನ್ ಲಿಪಿಗೆ ಒಂದು ಫಾಂಟು, ಕನ್ನಡದಂಥ ಸಂಕೀರ್ಣ ಲಿಪಿಗಳಿಗೆ ಪ್ರತ್ಯೇಕ ಫಾಂಟು ನಿಗದಿಯಾಗಿರುತ್ತದೆ. ಅಕ್ಷರದ ಗಾತ್ರವನ್ನೂ ಫಾಂಟನ್ನೂ ಶೈಲಿಯಲ್ಲಿ ಬದಲಿಸುವಾಗ ಸಂಕೀರ್ಣ ಲಿಪಿಯ ಭಾಗವನ್ನು ಬದಲಿಸಿದರೆ ಮಾತ್ರ ಕನ್ನಡ ಬದಲಾಗುತ್ತದೆ. ಆಯ್ಕೆಗಳಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಸಂಕೀರ್ಣ ಪಠ್ಯ ವಿನ್ಯಾಸವನ್ನು ಚಾಲೂ ಮಾಡಿ, ಅಲ್ಲಿ ಕನ್ನಡವನ್ನು ಆರಿಸಬೇಕು. ಗುಬ್ಬಿ, ನವಿಲು, ಲೋಹಿತ್ ಮೊದಲಾದ ಮುಕ್ತ ಕನ್ನಡ ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ.

ಪ್ರಯೋಗ ಮತ್ತು ಸ್ಥಾಪನೆ

ಡಿಸ್ಟ್ರೋ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, ಎಲ್ಲ ಡಿಸ್ಟ್ರೋಗಳಲ್ಲೂ ಒಂದೇ. ಅದರ ಮೇಲೆ ಪರದೆಯ ವಿನ್ಯಾಸ, ತಂತ್ರಾಂಶ ಸಂಗ್ರಹ, ನವೀಕರಣದ ಅವಧಿ ಇವುಗಳನ್ನು ಹೊಂದಿಸುವ ರೀತಿ ಬೇರೆ ಬೇರೆ. ಹೊಸಬರಿಗೆ ಬೇಕಾದದ್ದು ದೀರ್ಘಾವಧಿ ಬೆಂಬಲ ಮತ್ತು ಬೇಗ ಬೇಗ ಬದಲಾಗದ ಪರದೆ. ಮಾಸ್ತರರಿಗೆ ಲಿನಕ್ಸ್ ಮಿಂಟ್‌ನ 22ರ ಸರಣಿಯ ಸಿನಮನ್ ಆವೃತ್ತಿಯನ್ನು ಆರಿಸಿದೆವು. ಅದು ಉಬುಂಟು 24.04ರ ಮೇಲೆ ನಿಂತಿದ್ದು 2029ರವರೆಗೆ ಬೆಂಬಲ ಹೊಂದಿದೆ, ಕೆಳಗಿನ ಪಟ್ಟಿ ಮತ್ತು ಎಡಮೂಲೆಯ ಮೆನು ಹಳೆಯ ವಿಂಡೋಸ್ ಬಳಸಿದವರಿಗೆ ಪರಿಚಿತವೆನಿಸುತ್ತದೆ. ರ‍್ಯಾಮ್ 4 ಜಿಬಿಯಲ್ಲೇ ಉಳಿದಿದ್ದರೆ ಅದೇ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹೇಳುತ್ತಿದ್ದೆ. ಉಬುಂಟುವನ್ನೋ ಫೆಡೋರಾವನ್ನೋ ಆರಿಸುವವರು ತಪ್ಪು ಮಾಡುತ್ತಾರೆಂದಲ್ಲ. ಸಹಾಯ ಮಾಡುವವರು ಯಾವುದನ್ನು ಬಲ್ಲರೋ ಅದೇ ಹೊಸಬರಿಗೆ ಒಳ್ಳೆಯದು.

ಮಿಂಟ್ ಸ್ಥಾಪಿಸಲು ಬೇಕಾದ ಸುಮಾರು 3 ಜಿಬಿ ಗಾತ್ರದ ಐಎಸ್‌ಒ ಕಡತವನ್ನು ಹಳ್ಳಿಯ ನೆಟ್‌ವರ್ಕಿನಲ್ಲಿ ಇಳಿಸಿಕೊಳ್ಳುವ ಸಾಹಸ ಮಾಡದೆ ಶಿರಸಿ ಪೇಟೆಯ ನೆಂಟರ ಮನೆಯಲ್ಲಿ ಇಳಿಸಿಕೊಂಡು, ಕಡತ ಪೂರ್ತಿಯಾಗಿ ಬಂದಿದೆಯೇ ಎಂದು ಜಾಲತಾಣದಲ್ಲಿ ಕೊಟ್ಟ ಚೆಕ್‌ಸಮ್ ಜೊತೆ ತಾಳೆ ನೋಡಿ, ರೂಫಸ್ ತಂತ್ರಾಂಶದಿಂದ 8 ಜಿಬಿಯ ಪೆನ್ ಡ್ರೈವಿಗೆ ಬರೆದೆವು. ಪೆನ್ ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿದಾಗ ಲಿನಕ್ಸ್ ಪೂರ್ತಿ ಓಡುತ್ತದೆ, ಆದರೆ ಡಿಸ್ಕನ್ನು ಮುಟ್ಟುವುದಿಲ್ಲ. ಹೊಸಬರು ಈ ಹಂತದಲ್ಲಿ ಪರದೆಯ ಚೆಂದ ನೋಡಿ ನಿಲ್ಲಿಸಿಬಿಡುತ್ತಾರೆ. ಮಾಡಬೇಕಾದದ್ದು ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕಿನ ಗುಂಡಿಗಳು ಕೆಲಸ ಮಾಡುತ್ತವೆಯೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಸರಿಯಾಗಿ ಎಚ್ಚರಗೊಳ್ಳುತ್ತದೆಯೇ ಎಂದು ನೋಡುವುದು. ಇಲ್ಲಿ ಎಲ್ಲವೂ ಸರಿಯಿತ್ತು, ಪ್ರಿಂಟರ್ ಒಂದರ ಹೊರತು.

ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವ ಡ್ಯುಯಲ್ ಬೂಟ್ ಬೇಕೆಂದು ವಿದ್ಯಾರ್ಥಿ ಸೂಚಿಸಿದ. ನಾನು ಒಪ್ಪಲಿಲ್ಲ. ಡಿಸ್ಕಿನ ವಿಭಾಗವನ್ನು (ಪಾರ್ಟಿಷನ್) ಕುಗ್ಗಿಸುವಾಗ ಕರೆಂಟ್ ಹೋದರೆ, ಅಥವಾ ಸ್ಥಾಪನೆಯ ಒಂದು ಪರದೆಯಲ್ಲಿ ತಪ್ಪು ಆಯ್ಕೆ ಒತ್ತಿದರೆ ಎಲ್ಲವೂ ಅಳಿಸಿಹೋಗಬಹುದು. ನಮ್ಮಲ್ಲಿ ಮಳೆಗಾಲದ ಆಚೆಗೂ ಕರೆಂಟಿನ ಭರವಸೆ ಅಷ್ಟಕ್ಕಷ್ಟೆ, ಮಾಸ್ತರರ ಲ್ಯಾಪ್‌ಟಾಪಿನ ಬ್ಯಾಟರಿಯೂ ಸೋತಿತ್ತು. ಹಳೆಯ ಹಾರ್ಡ್ ಡಿಸ್ಕನ್ನು ಹಾಗೆಯೇ ಬಿಚ್ಚಿ ಯುಎಸ್‌ಬಿ ಕೇಸಿನಲ್ಲಿ ಹಾಕಿ, ಅದರ ಜಾಗದಲ್ಲಿ ಹೊಸ ಎಸ್‌ಎಸ್‌ಡಿ ಕೂರಿಸಿ, ಅದರ ಮೇಲೆ ಲಿನಕ್ಸನ್ನು ಹಾಕಿದೆವು. ಹೊಂದಿಕೆಯಾಗದಿದ್ದರೆ ಡಿಸ್ಕನ್ನು ಮರಳಿ ಹಾಕಿದರೆ ವಿಂಡೋಸ್ ಮೊದಲಿದ್ದಲ್ಲಿಯೇ ಇರುತ್ತದೆ. ಬಿಚ್ಚುವ ಮೊದಲು ಎರಡು ಸಂಗತಿ ನೋಡಿಕೊಳ್ಳಬೇಕು. ವಿಂಡೋಸ್‌ನ ಡಿಸ್ಕ್ ಗೂಢಲಿಪೀಕರಣ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ಮತ್ತು ವಿಂಡೋಸ್ 10ರ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಿ ಯಂತ್ರವನ್ನು ಪೂರ್ತಿಯಾಗಿ ಆರಿಸಬೇಕು, ಯಾಕೆಂದರೆ ಅದು ಚಾಲೂ ಇರುವಾಗ ವಿಂಡೋಸ್ ನಿಜವಾಗಿ ಮುಚ್ಚಿಕೊಳ್ಳದೆ ಅರೆನಿದ್ರೆಯಲ್ಲಿರುತ್ತದೆ, ಅಂಥ ಡಿಸ್ಕನ್ನು ಲಿನಕ್ಸ್ ಬರೆಯಲು ತೆರೆಯುವುದಿಲ್ಲ. ನಮಗೆ ಓದಿದರೆ ಸಾಕಿತ್ತು, ಆದರೂ ಸರಿಯಾಗಿ ಮುಚ್ಚುವುದು ಒಳ್ಳೆಯದು.

ಇಷ್ಟಕ್ಕೂ ಮೊದಲೇ, ವಿಂಡೋಸ್‌ನಲ್ಲಿರುವಾಗಲೇ, ಎಂಎಸ್ ಆಫೀಸನ್ನು ಬಿಟ್ಟು ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಬಳಸಲು ಮಾಸ್ತರ ದಂಪತಿಗೆ ಹೇಳಿದ್ದೆ. ಇವೆರಡೂ ವಿಂಡೋಸ್‌ನಲ್ಲೂ ಓಡುತ್ತವೆ. ಒಂದೇ ದಿನ ವ್ಯವಸ್ಥೆಯೂ ಬದಲು, ತಂತ್ರಾಂಶವೂ ಬದಲು ಎಂದರೆ ಯಾವ ತೊಂದರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಈ ಸಿದ್ಧತೆಯ ಫಲ ಸ್ಪಷ್ಟವಾಗಿ ಕಂಡಿತು. ಮಾಸ್ತರರ ಪತ್ನಿ ಲಿನಕ್ಸ್ ಬಂದ ಮೊದಲ ಸಂಜೆಯೇ ತಮ್ಮ ಹಾಳೆ ತೆರೆದು ಲೆಕ್ಕ ಬರೆದರು. ಅವರಿಗೆ ಬೇಕಾದದ್ದು ಒಂದು ಹಾಳೆ, ಒಂದು ಬ್ರೌಸರ್. ಎರಡೂ ನಿನ್ನೆಯ ಹಾಗೆಯೇ ಇದ್ದವು.

ಪ್ರಿಂಟರ್ ಮತ್ತು ಪ್ರೆಸ್

ಮನೆಯಲ್ಲಿದ್ದದ್ದು ಹಳೆಯ ಕಪ್ಪುಬಿಳುಪಿನ ಸಣ್ಣ ಲೇಸರ್ ಪ್ರಿಂಟರ್. ಅಂಥ ಅಗ್ಗದ ಪ್ರಿಂಟರುಗಳಲ್ಲಿ ಕೆಲವು ಸಾಮಾನ್ಯ ಮುದ್ರಣ ಭಾಷೆಗಳನ್ನು ಅರಿಯುವುದಿಲ್ಲ. ಪುಟವನ್ನು ಗಣಕವೇ ತಯಾರಕರ ಸ್ವಂತ ಸಂಕೇತಕ್ಕೆ ತಿರುಗಿಸಿ ಕಳಿಸಬೇಕು, ತಿರುಗಿಸುವ ಡ್ರೈವರ್ ಇಲ್ಲದಿದ್ದರೆ ಪ್ರಿಂಟರು ಸುಮ್ಮನಿರುತ್ತದೆ. ಈ ಮಾದರಿಗೆ ಸಿಕ್ಕ ಲಿನಕ್ಸ್ ಡ್ರೈವರ್ ಹಳೆಯದಾಗಿದ್ದು, ಒಮ್ಮೆ ಮುದ್ರಿಸಿದರೆ ಇನ್ನೊಮ್ಮೆ ನಿಲ್ಲುತ್ತಿತ್ತು. ಆಜ್ಞೆಗಳನ್ನು ಎಲ್ಲಿಂದಲೋ ನಕಲಿಸಿ ಟರ್ಮಿನಲ್‌ನಲ್ಲಿ ಅಂಟಿಸುತ್ತ ಹೋಗುವುದನ್ನು ನಾನು ನಿಲ್ಲಿಸಿದೆ; ಅರ್ಥ ತಿಳಿಯದ ಆಜ್ಞೆಯನ್ನು ಪಾಸ್‌ವರ್ಡ್ ಕೊಟ್ಟು ಓಡಿಸುವ ಅಭ್ಯಾಸ ಹೊಸಬರಿಗೆ ಬೀಳಬಾರದು. ಪ್ರಿಂಟರ್ ಅಣ್ಣನ ಮಗನ ವಿಂಡೋಸ್ ಯಂತ್ರಕ್ಕೆ ಹೋಯಿತು, ಮಾಸ್ತರರು ಪಿಡಿಎಫ್ ಮಾಡಿ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳುತ್ತಾರೆ. ಇದು ಅವರಿಗೆ ಪೂರ್ತಿ ಸಮಾಧಾನ ತಂದಿಲ್ಲ. ಹೊಸದು ಕೊಳ್ಳುವುದಾದರೆ ಏರ್‌ಪ್ರಿಂಟ್ ಬೆಂಬಲವಿರುವ ವೈಫೈ ಪ್ರಿಂಟರನ್ನು ನೋಡಿ ಎಂದಿದ್ದೇನೆ, ಯಾಕೆಂದರೆ ಅಂಥವು ಬೇರೆ ಡ್ರೈವರ್ ಇಲ್ಲದೆ ಲಿನಕ್ಸ್‌ನಿಂದ ಮುದ್ರಿಸುತ್ತವೆ.

ಪ್ರೆಸ್ಸಿನ ವಿಷಯ ಬೇರೆ. ಆಮಂತ್ರಣ, ಸಂಚಿಕೆಗಳನ್ನು ಅಚ್ಚು ಹಾಕುವ ಮುದ್ರಣಾಲಯದವರು ಇಂದಿಗೂ ಪೇಜ್‌ಮೇಕರಿನಲ್ಲಿ ನುಡಿಯ ಹಳೆಯ ಫಾಂಟುಗಳಲ್ಲೇ ಪುಟ ಕಟ್ಟುತ್ತಾರೆ, ಯುನಿಕೋಡ್ ಕಡತ ಕೊಟ್ಟರೆ ಮುಖ ಗಂಟಿಕ್ಕುತ್ತಾರೆ. ಮಾಸ್ತರರು ಯುನಿಕೋಡ್ ಕಡತವನ್ನೂ ಅದರ ಪಿಡಿಎಫ್ ಅನ್ನೂ ಒಟ್ಟಿಗೆ ಕೊಡುತ್ತಾರೆ. ಹಳೆಯ ಸಂಕೇತಕ್ಕೆ ತಿರುಗಿಸುವ ಕೆಲಸ ಪ್ರೆಸ್ಸಿನವರದು, ಅಚ್ಚಿನ ಕರಡನ್ನು ಪಿಡಿಎಫ್ ಜೊತೆ ತಾಳೆ ನೋಡುವುದು ಮಾಸ್ತರರದು. ಅರ್ಕಾವತ್ತು ಜಾಗ ಬಿಟ್ಟು ಕೂತರೆ ಕರಡಿನಲ್ಲೇ ಸಿಕ್ಕಿಬೀಳುತ್ತದೆ.

ಸುಗ್ಗಿಯ ನಂತರದ ಸ್ಥಿತಿ

ಅಡಿಕೆ ಸುಗ್ಗಿ ಮುಗಿಯುವವರೆಗೆ ಪ್ರಯೋಗ, ಆಮೇಲೆ ತೀರ್ಮಾನ ಎಂದು ಮೊದಲೇ ಒಪ್ಪಂದವಾಗಿತ್ತು. ಲೆಕ್ಕದ ಕೆಲಸ ಹೆಚ್ಚಿರುವ ಆ ತಿಂಗಳುಗಳನ್ನು ಬೇಕೆಂದೇ ಆರಿಸಿದ್ದೆವು. ಬಿಡುವಿನ ದಿನಗಳಲ್ಲಿ ಚೆನ್ನಾಗಿ ಕಂಡ ವ್ಯವಸ್ಥೆ ಕೆಲಸದ ಒತ್ತಡದಲ್ಲಿ ಕೈಕೊಟ್ಟರೆ ಪ್ರಯೋಜನವಿಲ್ಲ. ಆ ಅವಧಿಯಲ್ಲಿ ಹಳೆಯ ಡಿಸ್ಕನ್ನು ಯಂತ್ರಕ್ಕೆ ಮರಳಿ ಹಾಕುವ ಪ್ರಸಂಗ ಬರಲಿಲ್ಲ. ಯಂತ್ರ ಬೇಗ ಏಳುತ್ತದೆ, ನವೀಕರಣಗಳು ಕೇಳಿ ಬರುತ್ತವೆ, ಟೈಪ್ ಮಾಡುತ್ತಿರುವಾಗ ತಾನಾಗಿ ಮರುಪ್ರಾರಂಭವಾಗುವ ಕಾಟ ಇಲ್ಲ. ಕರೆಂಟ್ ಹೋಗಿ ಯಂತ್ರ ದಿಢೀರನೆ ಆರಿದಾಗಲೂ ಮತ್ತೆ ಸರಿಯಾಗಿಯೇ ಎದ್ದಿದೆ. ಆದರೆ ಕಡತವ್ಯವಸ್ಥೆಯು ಬದಲಾವಣೆಗಳನ್ನು ಬರೆದಿಟ್ಟುಕೊಳ್ಳುವ ಜರ್ನಲ್ ಡಿಸ್ಕಿನ ಕ್ರಮವನ್ನು ಕಾಯುತ್ತದೆಯೇ ಹೊರತು ಉಳಿಸದ ಪುಟವನ್ನಲ್ಲ. ಲಿಬ್ರೆಆಫೀಸ್‌ನಲ್ಲಿ ಚೇತರಿಕೆಯ ಪ್ರತಿ ಉಳಿಸುವ ಅವಧಿ ಸಹಜವಾಗಿ 10 ನಿಮಿಷ ಇರುತ್ತದೆ, ಅದನ್ನು 2 ನಿಮಿಷಕ್ಕೆ ಇಳಿಸಿ, ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿಯನ್ನೂ ಹಾಕಿಸಿದೆವು.

ಬ್ಯಾಕಪ್ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮಿಂಟ್ ಜೊತೆಗೆ ಬರುವ ಟೈಮ್‌ಶಿಫ್ಟ್ ವ್ಯವಸ್ಥೆಯ ಕಡತಗಳ ಪ್ರತಿ ಇಡುತ್ತದೆ. ನವೀಕರಣ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಅದು ಬಹಳ ಉಪಯುಕ್ತ. ಆದರೆ ಬಳಕೆದಾರರ ಸ್ವಂತ ಕಡತಗಳು ಅದರಲ್ಲಿ ಸಹಜವಾಗಿ ಸೇರಿರುವುದಿಲ್ಲ. ಟೈಮ್‌ಶಿಫ್ಟ್ ಇದೆಯೆಂದು ಪ್ರಸಂಗದ ಕಡತಗಳ ಬೇರೆ ಪ್ರತಿ ಇಡದವರು ಡಿಸ್ಕ್ ಕೆಟ್ಟ ದಿನ ಬರಿಗೈಯಲ್ಲಿ ಕೂರುತ್ತಾರೆ. ಮಾಸ್ತರರ ಕಡತಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಮನೆಯಲ್ಲಿದೆ, ಇನ್ನೊಂದು ಬೆಂಗಳೂರಿನಲ್ಲಿ ಮಗನ ಬಳಿ ಇದೆ.

ಬರಹ ಮಾದರಿಯ ಕಡತಗಳೆಲ್ಲ ಯುನಿಕೋಡ್ ಆಗಿವೆ. ನುಡಿಯ ಕಡತಗಳಲ್ಲಿ ಲೇಖನಗಳು ಮುಗಿದು ಪ್ರಸಂಗಗಳು ಅರ್ಧದಲ್ಲಿವೆ, ಅವಗ್ರಹಗಳನ್ನು ಭಾಗವತರು ಬಂದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಸರಿಪಡಿಸುತ್ತಿದ್ದಾರೆ. ಆ ಕೆಲಸ ಪೂರ್ತಿಯಾಗುವ ತನಕ ಹಳೆಯ ಡಿಸ್ಕನ್ನು ಅಳಿಸಬಾರದು, ಬೇರೆ ಕೆಲಸಕ್ಕೆ ಕೊಡಲೂಬಾರದು ಎಂದು ಮನೆಯವರೆಲ್ಲರ ಸಮ್ಮುಖದಲ್ಲಿ ಹೇಳಿ, ಡಿಸ್ಕಿನ ಕೇಸಿನ ಮೇಲೆ ಚೀಟಿಯನ್ನೂ ಅಂಟಿಸಿದ್ದೇವೆ.